ತಂಪಿಗೂ ಒಂದು ತಳ

ಹಣ್ಣು ತರಕಾರಿ ಕೆಡಬಾರದೆಂದರೆ ತಂಪಾಗಿಡಬೇಕು ಎಂಬುದು ಮುಂಬಯಿಯಲ್ಲಿ ಯಾರೂ ಎದುರಾಡದ ವಿಧಿ. ಮೇ ತಿಂಗಳ ಸೆಕೆಯಲ್ಲಿ ವಾಶಿ ಮಾರುಕಟ್ಟೆಯ ಮಳಿಗೆಯೊಂದರ ಮುಂದೆ ಅರ್ಧ ದಿನ ನಿಂತವರಿಗೆ ಅದಕ್ಕೆ ಬೇರೆ ಪ್ರಮಾಣ ಬೇಕಿಲ್ಲ. ಆದರೆ ಎಷ್ಟು ತಂಪು ಎಂಬುದನ್ನು ಆ ವಿಧಿ ಹೇಳುವುದಿಲ್ಲ. ಇದಕ್ಕಿಂತ ಬಿಸಿಯಾಗಬಾರದು ಎಂಬ ಮೇಲಿನ ಮಿತಿ ಹಮಾಲರಿಂದ ದಲಾಲರವರೆಗೆ ಎಲ್ಲರಿಗೂ ಗೊತ್ತು. ಇದಕ್ಕಿಂತ ತಣ್ಣಗಾಗಬಾರದು ಎಂಬ ಕೆಳಗಿನ ಮಿತಿಯನ್ನು ಕೇಳುವವರೇ ಕಡಿಮೆ. ಹಿಮ ಬೀಳುವ ನಾಡಿಗೆ ಹಣ್ಣು ಕಳಿಸುವ ಪ್ರಸಂಗ ಬಂದಾಗ ಈ ಲೋಪ ಬಯಲಾಗುತ್ತದೆ. ಮೀಮಾಂಸಕರು ಒಂದು ಅಧಿಕರಣಕ್ಕೆ, ಅಂದರೆ ಒಂದು ವಿಚಾರದ ನಿರ್ಣಯಕ್ಕೆ, ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂದು ಐದು ಅಂಗ ಹೇಳಿದ್ದಾರೆ. ಯಜ್ಞವಾಕ್ಯಗಳ ನಿರ್ಣಯಕ್ಕೆಂದು ಹುಟ್ಟಿದ ಆ ಕ್ರಮದಲ್ಲಿ ಬಾಳೆಗೊನೆಯನ್ನು ವಿಚಾರಿಸಿದರೆ ಸೂತ್ರಕಾರ ಜೈಮಿನಿ ಮುನಿಸಿಕೊಳ್ಳಲಾರರು ಎಂದುಕೊಂಡಿದ್ದೇನೆ.

ಮೊದಲು ವಿಷಯ. ಮುಂಬಯಿಗೆ ಚಳಿ ಹಡಗಿನಲ್ಲಿ ಬಂತು. ಫ್ರೆಡರಿಕ್ ಟ್ಯೂಡರ್ ಎಂಬ ಅಮೆರಿಕದ ವ್ಯಾಪಾರಿ ಬಾಸ್ಟನ್ ಸುತ್ತಿನ ಕೆರೆಗಳಲ್ಲಿ ಹೆಪ್ಪುಗಟ್ಟಿದ ನೀರನ್ನು ಗರಗಸದಿಂದ ಕೊಯ್ಯಿಸಿ 1833ರಲ್ಲಿ ಟಸ್ಕನಿ ಎಂಬ ಹಡಗಿನಲ್ಲಿ ಕಲ್ಕತ್ತೆಗೆ ಕಳಿಸಿದ. ನಾಲ್ಕು ತಿಂಗಳ ಪ್ರಯಾಣ, ಎರಡು ಸಲ ಭೂಮಧ್ಯರೇಖೆ ದಾಟಬೇಕು. ಹೊರಟದ್ದು 180 ಟನ್, ತಲುಪುವಾಗ ಸುಮಾರು 100 ಟನ್ ಉಳಿದಿತ್ತು. ಆ ದಶಕದಲ್ಲೇ ಬೊಂಬಾಯಿಗೂ ಅಮೆರಿಕದ ಐಸ್ ಬಂತು, ಮುಂದಿನ ದಶಕದಲ್ಲಿ ಕೋಟೆ ಪ್ರದೇಶದಲ್ಲಿ ಅದಕ್ಕೊಂದು ಐಸ್ ಹೌಸ್ ಎದ್ದಿತು. ಜಮ್ಶೆಟ್‌ಜಿ ಜೀಜೀಭಾಯಿಯವರು ಔತಣದಲ್ಲಿ ಐಸ್‌ಕ್ರೀಂ ಬಡಿಸಿ, ಉಂಡವರಿಗೆಲ್ಲ ನೆಗಡಿಯಾಯಿತೆಂಬ ಕಥೆ ಊರಿನ ಇತಿಹಾಸದಲ್ಲಿ ನಿಂತುಬಿಟ್ಟಿದೆ. ಟ್ಯೂಡರನ ಹಡಗುಗಳಲ್ಲಿ ಐಸಿನ ಜೊತೆಗೆ ಸೇಬಿನ ಪೀಪಾಯಿಗಳೂ ಬರುತ್ತಿದ್ದವು.

ಇಲ್ಲಿ ಗಮನಿಸಬೇಕಾದದ್ದು ಎರಡು. ಐಸನ್ನು ಉಳಿಸಿದ್ದು ಮರದ ಹೊಟ್ಟು. ಹೊಟ್ಟಿಗೆ ತಂಪು ಮಾಡುವ ಶಕ್ತಿ ಏನೇನೂ ಇಲ್ಲ. ಒಳಗಿನ ಸ್ಥಿತಿ ಹೊರಗೆ, ಹೊರಗಿನದು ಒಳಗೆ ದಾಟದಂತೆ ತಡೆಯುವುದಷ್ಟೇ ಅದರ ಕೆಲಸ. ಇನ್ನೊಂದು, ಆ ಐಸಿನ ಪಕ್ಕದಲ್ಲಿ ಸೇಬು ಬದುಕಿತು. ಅದೇ ಹಡಗು ಮರಳುವಾಗ ಐಸಿನ ಜೊತೆ ಆಪೂಸು ತುಂಬಿದ್ದರೆ ಬಾಸ್ಟನ್ನಿನಲ್ಲಿ ಇಳಿಯುತ್ತಿದ್ದದ್ದು ಕಪ್ಪುಗಟ್ಟಿದ ಸಿಪ್ಪೆ ಮತ್ತು ಹಣ್ಣಾಗಲೊಲ್ಲದ ತಿರುಳು.

ಇಂದು ಆ ಹೊಟ್ಟಿನ ಜಾಗಕ್ಕೆ ಫೋಮಿನ ಗೋಡೆ ಬಂದಿದೆ. 1869ರಲ್ಲಿ ಮುಗಿದ ಕ್ರಾಫರ್ಡ್ ಮಾರ್ಕೆಟ್ಟಿನ ಸಗಟು ಹಣ್ಣಿನ ವ್ಯಾಪಾರ 1996ರಲ್ಲಿ ಖಾಡಿ ದಾಟಿ ನವಿಮುಂಬಯಿಯ ವಾಶಿಗೆ ಹೋಯಿತು. ಪಕ್ಕದ ತುರ್ಭೆಯಲ್ಲಿ ಸಾಲು ಸಾಲು ಶೈತ್ಯಾಗಾರಗಳಿವೆ. ಇನ್ನಷ್ಟು ದೂರದಲ್ಲಿ, 1989ರಲ್ಲಿ ಆರಂಭವಾದ ನ್ಹಾವಾ ಶೇವಾದ ಜವಾಹರಲಾಲ್ ನೆಹರೂ ಬಂದರಿನಿಂದ ನಾಸಿಕದ ದ್ರಾಕ್ಷಿ, ಸೊಲ್ಲಾಪುರ ಜಿಲ್ಲೆಯ ಬಾಳೆ ಒಳಗಿನ ಉಷ್ಣತೆಯನ್ನು ಹಿಡಿದಿಡುವ ರೀಫರ್ ಕಂಟೇನರಿನಲ್ಲಿ ಹೊರಡುತ್ತವೆ. 2024ರ ಆರಂಭದಲ್ಲಿ, ಚಳಿಗಾಲ ಇನ್ನೂ ಮುಗಿಯದ ರಷ್ಯಾಕ್ಕೆ ಭಾರತದ ಬಾಳೆ ಹೋಯಿತು. ಸಹಾರ್ ವಿಮಾನ ನಿಲ್ದಾಣದಿಂದ ಬೆಂಡೆ, ಹಸಿಮೆಣಸು, ನುಗ್ಗೆ ಲಂಡನ್ನಿಗೂ ಟೊರಾಂಟೊಗೂ ಏರುತ್ತವೆ. ಅಲ್ಲಿನ ಕನ್ನಡದ ಮನೆಗಳ ಜನವರಿ ತಿಂಗಳ ಹುಳಿಗೆ ಬೀಳುವ ನುಗ್ಗೆ, ವಿಮಾನದಿಂದ ಗೋದಾಮಿಗೆ ಹೋಗುವಾಗ ಹಿಮದ ಗಾಳಿಯನ್ನು ದಾಟಿ ಬಂದದ್ದು.

ಸಂಶಯ ಹೀಗೆ. ಹಣ್ಣನ್ನು ಕಾಯುವುದು ಶೀತವೋ, ಅಥವಾ ಆಯಾ ಹಣ್ಣಿಗೆ ಒಪ್ಪುವ ಉಷ್ಣತೆಯೋ? ಶೀತವೇ ಎಂದಾದರೆ ಹಿಮದ ನಾಡಿನಲ್ಲಿ ಏನೂ ಖರ್ಚಿಲ್ಲ, ಪೆಟ್ಟಿಗೆಯನ್ನು ಅಂಗಳದಲ್ಲಿಟ್ಟರೆ ಸಾಕು. ಒಪ್ಪುವ ಉಷ್ಣತೆ ಎಂದಾದರೆ ಅಲ್ಲಿ ಬಿಸಿ ಮಾಡಲು ಖರ್ಚು ಮಾಡಬೇಕು, ಇಲ್ಲಿಯ ಶೈತ್ಯಾಗಾರವನ್ನೂ ಬೇರೆ ಕಣ್ಣಿನಿಂದ ನೋಡಬೇಕು.

ಮೊದಲ ಪೂರ್ವಪಕ್ಷ ಗಟ್ಟಿಯಾದದ್ದು. ಕೊಯ್ದ ಹಣ್ಣೂ ಉಸಿರಾಡುತ್ತದೆ. ತನ್ನ ಸಕ್ಕರೆಯನ್ನು ತಾನೇ ಸುಟ್ಟುಕೊಂಡು ಮುದಿಯಾಗುತ್ತದೆ. ಉಷ್ಣತೆ 10 ಡಿಗ್ರಿ ಇಳಿದರೆ ಈ ಉಸಿರಾಟ ಅರ್ಧಕ್ಕೋ ಮೂರನೆಯ ಒಂದಕ್ಕೋ ಇಳಿಯುತ್ತದೆ. ಬೂಷ್ಟು, ಕೊಳೆರೋಗಗಳೂ ನಿಧಾನವಾಗುತ್ತವೆ. ಆದ್ದರಿಂದ ಹೆಪ್ಪುಗಟ್ಟದಷ್ಟರ ಮಟ್ಟಿಗೆ ತಂಪು ಹೆಚ್ಚಿದಷ್ಟೂ ಆಯಸ್ಸು ಹೆಚ್ಚು ಎಂಬುದು ವಾದ.

ಸೇಬು, ದ್ರಾಕ್ಷಿ, ಕ್ಯಾರೆಟ್, ಎಲೆಕೋಸಿನ ಮಟ್ಟಿಗೆ ಇದನ್ನು ಪೂರ್ತಿ ಒಪ್ಪಬೇಕು. ಅವು ಚಳಿಯ ಸೀಮೆಯ ಸಸ್ಯಗಳು, ಸೊನ್ನೆ ಡಿಗ್ರಿಯ ಆಸುಪಾಸೇ ಅವಕ್ಕೆ ಹಿತ. ನಾಸಿಕದ ದ್ರಾಕ್ಷಿ ಯುರೋಪಿಗೆ ಹೋಗುವುದು ಹಾಗೆಯೇ. ಆದರೆ ನಮ್ಮ ಬಾಳೆ, ಮಾವು, ಬದನೆ, ಬೆಂಡೆ, ಸೌತೆ, ಶುಂಠಿ ಉಷ್ಣವಲಯದ ಕುಲದವು. ಇವುಗಳ ಜೀವಕೋಶದ ಪೊರೆಯಲ್ಲಿರುವ ಕೊಬ್ಬಿನಂಶ ತಂಪಿಗೆ ಬಿರುಸಾಗುತ್ತದೆ, ಪೊರೆ ಸೋರತೊಡಗುತ್ತದೆ, ಬೇರೆ ಬೇರೆ ಇರಬೇಕಾದ ರಸಗಳು ಕೂಡಿಕೊಂಡು ಕಂದುತ್ತವೆ. ನೀರು ಹೆಪ್ಪುಗಟ್ಟುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಬಾಳೆ ಹೆಪ್ಪುಗಟ್ಟಲು ಸೊನ್ನೆಯ ಕೆಳಗೆ 0.8 ಡಿಗ್ರಿಗೆ ಇಳಿಯಬೇಕು. ಪೆಟ್ಟು ಬೀಳುವುದು 13 ಡಿಗ್ರಿಯ ಕೆಳಗೆ ಹೋದಾಗಲೇ. ಬಲಿತ ಹಸಿರು ಮಾವಿಗೂ ಟೊಮೆಟೊಗೂ ಗಡಿ 12, 13ರ ಹತ್ತಿರ, ಬದನೆ ಸೌತೆಗಳಿಗೆ 10ರ ಮೇಲೆ, ಬೆಂಡೆಗೆ 7ರಿಂದ 10. ಪುಣೆಯ ಗಣೇಶಖಿಂಡದ ಹಣ್ಣಿನ ಪ್ರಯೋಗ ಕ್ಷೇತ್ರದಲ್ಲಿ ಜಿ.ಎಸ್. ಚೀಮಾ ಮತ್ತು ಡಿ.ವಿ. ಕರ್ಮರ್ಕರ್ ಸ್ವಾತಂತ್ರ್ಯಕ್ಕೆ ಮೊದಲೇ ಮಾವಿನ ಶೈತ್ಯ ಸಂಗ್ರಹದ ಮೇಲೆ ಕೆಲಸ ಮಾಡಿದ್ದರು. ಅಂದರೆ ಈ ತಿಳಿವಳಿಕೆ ನಮಗೆ ನಿನ್ನೆ ಮೊನ್ನೆ ಬಂದದ್ದಲ್ಲ, ಮಾರುಕಟ್ಟೆಗೆ ಇಳಿಯದೆ ಉಳಿದದ್ದು.

ಇಳಿಯದಿರಲು ಕಾರಣವೂ ಇದೆ. ಚಳಿಯ ಪೆಟ್ಟು ಚಳಿಯಲ್ಲಿರುವಾಗ ಕಾಣುವುದಿಲ್ಲ. ಶೈತ್ಯಾಗಾರದಿಂದ ಹೊರಬಂದ ಬಾಳೆಕಾಯಿ ಹಸಿರಾಗಿ, ಗಟ್ಟಿಯಾಗಿ, ನೋಡಲು ಲಕ್ಷಣವಾಗಿಯೇ ಇರುತ್ತದೆ. ಪಳಗಿದವರು ಅದರ ಸಿಪ್ಪೆಯನ್ನು ಚೂರಿಯಲ್ಲಿ ತೆಳ್ಳಗೆ, ಕಾಗದದಷ್ಟು ಕೆತ್ತಿ ನೋಡುತ್ತಾರೆ. ಪೆಟ್ಟು ತಿನ್ನದ ಕಾಯಿಯಲ್ಲಿ ಒಳಸಿಪ್ಪೆ ತಿಳಿಹಸಿರು, ಹಾಲು ಬೆಳ್ಳಗೆ ಒಸರುತ್ತದೆ. ಪೆಟ್ಟು ತಿಂದದ್ದರಲ್ಲಿ ಉದ್ದಕ್ಕೂ ಕಂದು ಗೀರುಗಳು, ಹಾಲು ನೀರಾಗಿರುತ್ತದೆ. ಆ ಚೂರಿ ಆಡದಿದ್ದರೆ ಸಂಗತಿ ತಿಳಿಯುವುದು ಮೂರು ನಾಲ್ಕು ದಿನ ಬಿಟ್ಟು, ಮಾಗಿಸುವ ಕೋಣೆಯಲ್ಲಿ. ಹಳದಿಯಾಗಬೇಕಾದ ಸಿಪ್ಪೆ ಹೊಗೆ ಹಿಡಿದಂತೆ ಮಂಕಾಗುತ್ತದೆ. ಮಾಗಿಸುವ ಅನಿಲವಾದ ಎಥಿಲೀನ್ ಎಷ್ಟು ಕೊಟ್ಟರೂ ಆ ಮಂಕು ಬಿಡುವುದಿಲ್ಲ. ಅಷ್ಟರಲ್ಲಿ ಮಾಲು ಮೂರು ಕೈ ದಾಟಿರುತ್ತದೆ. ಶೈತ್ಯಾಗಾರದವನ ತಪ್ಪಿಗೆ ಅಂಗಡಿಯವನು ಗಿರಾಕಿಯ ಮಾತು ಕೇಳಬೇಕು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕಣ್ಣೆದುರು ಕೊಳೆಯುವ ನಷ್ಟಕ್ಕೆ ಅಂಜುವ ವ್ಯಾಪಾರ ಈ ತಡವಾಗಿ ತೋರುವ ನಷ್ಟವನ್ನು ‘ಮಾಲೇ ಹಾಗಿತ್ತು’ ಎಂಬ ಖಾತೆಗೆ ಬರೆದುಬಿಡುತ್ತದೆ.

‘ಇದೆಲ್ಲ ಲೇಹ್, ಮಾಸ್ಕೋದವರು ಚಿಂತಿಸಲಿ, ಮುಂಬಯಿಯಲ್ಲಿ ಚಳಿ ಎಲ್ಲಿದೆ?’ ಎನ್ನುವವರಿಗೆ ಉತ್ತರ ಚಿಕ್ಕದು. ಸಾಂತಾಕ್ರೂಜ್ ವೇಧಶಾಲೆಯ ದಾಖಲೆಯ ಅತಿ ತಂಪು 1962ರ ಜನವರಿ 22ರದು, 7.4 ಡಿಗ್ರಿ. ಮನೆಯ ಫ್ರಿಜ್ಜಿನ ಒಳಗೆ 4, 5 ಡಿಗ್ರಿ. ಈ ಊರಿನ ಆಕಾಶ ಎಂದೂ ಕೊಡದ ಚಳಿಯನ್ನು ಪ್ರತಿ ಮನೆಯ ಬಾಳೆಹಣ್ಣು ಅಡಿಗೆಮನೆಯಲ್ಲೇ ಉಣ್ಣುತ್ತದೆ.

ಈಗ ಹಿಮದ ನಾಡಿನವರ ಪೂರ್ವಪಕ್ಷ: ಹೊರಗೆ ದೇವರೇ ಶೈತ್ಯಾಗಾರ ಕಟ್ಟಿಟ್ಟಿರುವಾಗ ಯಂತ್ರವೇಕೆ? ಇದಕ್ಕೆ ಲಡಾಖಿನ ರೈತರೇ ಉತ್ತರ ಕೊಟ್ಟಿದ್ದಾರೆ. ಚಳಿಗಾಲದಲ್ಲಿ ಲೇಹ್‌ನಲ್ಲಿ ಸೊನ್ನೆಯ ಕೆಳಗೆ 20 ಡಿಗ್ರಿ ಮುಟ್ಟುವುದುಂಟು. ರಸ್ತೆಗಳು ಮುಚ್ಚುವ ಆ ತಿಂಗಳುಗಳಿಗೆಂದು ಅವರು ಆಲೂಗಡ್ಡೆ, ಕ್ಯಾರೆಟ್, ಮೂಲಂಗಿಗಳನ್ನು ನೆಲದೊಳಗೆ ಗುಂಡಿ ತೋಡಿ ಇಡುತ್ತಾರೆ. ಅಂಗಳದಲ್ಲಿ ಚಳಿ ಧಾರಾಳವಾಗಿದ್ದರೂ ನೆಲಕ್ಕೆ ಇಳಿಯುವುದು ಚಳಿಯನ್ನು ಹುಡುಕಿಕೊಂಡಲ್ಲ, ತಪ್ಪಿಸಿಕೊಳ್ಳಲು. ನಾಲ್ಕಾರು ಅಡಿ ಮಣ್ಣಿನ ಕೆಳಗೆ ಉಷ್ಣತೆ ಸೊನ್ನೆಗಿಂತ ಸ್ವಲ್ಪ ಮೇಲೆಯೇ ನಿಲ್ಲುತ್ತದೆ. ಟೊಮೆಟೊ ಸೊನ್ನೆಯ ಕೆಳಗೆ ಅರ್ಧ ಡಿಗ್ರಿಯಲ್ಲಿ, ಆಲೂಗಡ್ಡೆ 0.6ರಲ್ಲಿ, ಸಿಹಿ ಹೆಚ್ಚಿರುವ ಸೇಬು 1.5ರಲ್ಲಿ, ದ್ರಾಕ್ಷಿ 2ರ ಹತ್ತಿರ ಹೆಪ್ಪುಗಟ್ಟುತ್ತವೆ. ಕೋಶಗಳ ನಡುವೆ ಬೆಳೆದ ಮಂಜಿನ ಹರಳು ಕೋಶದ ನೀರನ್ನೇ ಎಳೆದುಕೊಳ್ಳುತ್ತದೆ; ಕರಗಿದಾಗ ಒಳಗೆ ಹಿಡಿದಿಡುವ ಗೋಡೆ ಉಳಿದಿರುವುದಿಲ್ಲ, ಟೊಮೆಟೊ ಕೈಯಲ್ಲಿ ನೀರಾಗುತ್ತದೆ.

ಅಮೆರಿಕದ ರೈಲುಗಳಲ್ಲಿ ಹಿಂದೆ ಬೇಸಿಗೆಯಲ್ಲಿ ಐಸ್ ತುಂಬುತ್ತಿದ್ದ ಪೆಟ್ಟಿಗೆಗೇ ಚಳಿಗಾಲದಲ್ಲಿ ಇದ್ದಿಲ ಅಗ್ಗಿಷ್ಟಿಕೆ ಇಡುತ್ತಿದ್ದರು. ಅದೇ ಬೋಗಿ, ಅದೇ ಗೋಡೆ, ಕೆಲಸ ತಿರುವುಮುರುವು. ಇಂದಿನ ರೀಫರಿನಲ್ಲೂ ತಂಪುಮಾಡುವ ಯಂತ್ರದ ಜೊತೆಗೆ ಬಿಸಿಮಾಡುವ ಸುರುಳಿ ಇದೆ. ಬಾಳೆಗೆ 13.5 ಎಂದು ಇಟ್ಟರೆ ನ್ಹಾವಾ ಶೇವಾದ 33 ಡಿಗ್ರಿಯಲ್ಲಿ ಅದು ತಂಪು ಮಾಡುತ್ತದೆ, ಉತ್ತರದ ಹಿಮದ ರಸ್ತೆಯಲ್ಲಿ ಬಿಸಿ ಮಾಡುತ್ತದೆ. ರೀಫರನ್ನು ‘ತಣ್ಣನೆಯ ಡಬ್ಬಿ’ ಎನ್ನುವುದೇ ನಮ್ಮ ತಪ್ಪು ತಿಳಿವಳಿಕೆಯ ಮೂಲ. ಸಿದ್ಧಾಂತ ಇಲ್ಲಿಗೆ ನಿಲ್ಲುತ್ತದೆ: ಹಣ್ಣನ್ನು ಕಾಯುವುದು ಅದರ ಮಿತಿಯೊಳಗೆ ಅಲುಗದ ಉಷ್ಣತೆ, ಅದನ್ನು ಹಿಡಿಯಲು ಒಂದು ಊರಿನಲ್ಲಿ ತಂಪು ಬೇಕು, ಇನ್ನೊಂದರಲ್ಲಿ ಬೆಂಕಿ ಬೇಕು. ‘ತಂಪಾಗಿಡು’ ಎಂಬುದು ಸೆಕೆಯ ನಾಡಿಗೆ ಹೇಳಿದ ವಿಶೇಷ ವಿಧಿ. ಅದನ್ನು ನಾವು ಸಾಮಾನ್ಯ ವಿಧಿ ಮಾಡಿಕೊಂಡಿದ್ದೇವೆ.

ಹಾಗಾದರೆ ರೀಫರ್ ಇದ್ದ ಮೇಲೆ ಚಿಂತೆ ಏನು ಎಂದು ಕೇಳಬಹುದು. ರೀಫರಿಗೆ ಕೊಟ್ಟ ಉಷ್ಣತೆಯನ್ನು ಕಾಪಾಡುವ ಶಕ್ತಿ ಇದೆ, ತುಂಬಿದ ಬಿಸಿ ಮಾಲನ್ನು ಬೇಗ ತಣಿಸುವ ಶಕ್ತಿ ಇಲ್ಲ. ಅದಕ್ಕೇ ಮಾಲನ್ನು ಮೊದಲೇ ತಣಿಸಿ ತುಂಬಬೇಕು. ಚಳಿಯ ನಾಡಿನಲ್ಲಿ ಹೀಗೆಯೇ ಲಾರಿಯನ್ನು ಮೊದಲೇ ಬಿಸಿ ಮಾಡಿ ತುಂಬಬೇಕು. ಹೆಪ್ಪುಗಟ್ಟಿದ ಲೋಹದ ನೆಲದ ಮೇಲಿಟ್ಟ ಪೆಟ್ಟಿಗೆಯ ತಳದ ಸಾಲು ದಾರಿಯಲ್ಲೇ ಹೋಗಿರುತ್ತದೆ. ಬೇಸಿಗೆಯಲ್ಲಿ ಪೆಟ್ಟಿಗೆಗಳ ನಡುವೆ ಗಾಳಿ ಆಡಿ ಹಣ್ಣಿನ ಉಸಿರಿನ ಬಿಸಿ ಹೊರಹೋಗಬೇಕು. ಚಳಿಯಲ್ಲಿ ಆ ಉಸಿರಿನ ಬಿಸಿಯೇ ಆಸರೆ, ಗಾಳಿ ಮಾಲಿನ ಸುತ್ತ ಗೋಡೆಯ ಕಡೆ ಆಡಬೇಕು, ಪೆಟ್ಟಿಗೆ ಗೋಡೆಗೂ ಬಾಗಿಲಿಗೂ ತಾಗಬಾರದು. ಗಾಳಿಕಿಂಡಿಯದು ಇನ್ನೊಂದು ಪೇಚು. ತೆರೆದರೆ ಹಿಮದ ಗಾಳಿ ಒಳಬರುತ್ತದೆ, ಬಿಸಿಯಾದಾಗ ಆ ಗಾಳಿ ವಿಪರೀತ ಒಣಗಿ ಬೆಂಡೆಯನ್ನೂ ಬದನೆಯನ್ನೂ ಸುಕ್ಕುಗಟ್ಟಿಸುತ್ತದೆ. ಮುಚ್ಚಿಬಿಟ್ಟರೆ ಹಣ್ಣು ಬಿಟ್ಟ ಎಥಿಲೀನ್ ಒಳಗೇ ತುಂಬಿ ಇಡೀ ಕಂಟೇನರ್ ಸಮುದ್ರದ ನಡುವೆ ಹಣ್ಣಾಗುತ್ತದೆ. ಯಂತ್ರ ಇವೆರಡರ ನಡುವೆ ನಡೆಯಬಲ್ಲದು, ಎಷ್ಟು ತೆರೆಯಬೇಕೆಂದು ಕಾಗದದಲ್ಲಿ ಬರೆದುಕೊಟ್ಟರೆ ಮಾತ್ರ. ವಿಮಾನದ ಮಾಲಿಗಂತೂ ಅತಿ ದೊಡ್ಡ ಗಂಡಾಂತರ ವಿಮಾನದಲ್ಲಿಲ್ಲ, ಇಳಿಸಿದ ಮೇಲೆ ಬಯಲಲ್ಲಿ ಕಾಯುವ ಹೊತ್ತಿನಲ್ಲಿದೆ.

ಅಕಸ್ಮಾತ್ ಹೆಪ್ಪುಗಟ್ಟಿದರೆ? ಆಗ ಮುಟ್ಟಬಾರದು. ಗಟ್ಟಿಯಾಗಿರುವಾಗ ಎತ್ತಿ ಕುಕ್ಕಿದ ಕಡೆಯೆಲ್ಲ ಕಲೆ ಬೀಳುತ್ತದೆ. 4 ಡಿಗ್ರಿಯ ಆಸುಪಾಸಿನಲ್ಲಿ ನಿಧಾನವಾಗಿ ಕರಗಲು ಬಿಟ್ಟರೆ, ಸ್ವಲ್ಪವೇ ಹೆಪ್ಪುಗಟ್ಟಿದ ಸೇಬು ಚೇತರಿಸಿಕೊಳ್ಳುವುದುಂಟು. ಬಾಳೆ, ಟೊಮೆಟೊಗಳಿಗೆ ಆ ಭಾಗ್ಯವಿಲ್ಲ.

ಉಳಿದ ಪೂರ್ವಪಕ್ಷಗಳಲ್ಲಿ ನನಗೆ ತೂಕದ್ದೆನಿಸುವುದು ಸಣ್ಣ ವ್ಯಾಪಾರಿಯದು. ‘ಪ್ರತಿ ಕಾಯಿಗೂ ಒಂದು ಉಷ್ಣತೆ ಎಂದರೆ ಪ್ರತಿ ಕಾಯಿಗೂ ಒಂದು ಕೋಣೆ ಕಟ್ಟಲೇ? ನನ್ನದು ಒಂದೇ ಕೋಣೆ, ಎಲ್ಲವನ್ನೂ 4 ಡಿಗ್ರಿಗೆ ಹಾಕುತ್ತೇನೆ, ಹತ್ತರ ಜೊತೆಗೆ ಹನ್ನೊಂದು.’ ಈ ಮಾತಿನಲ್ಲಿ ಅರ್ಧ ನ್ಯಾಯವಿದೆ. ಚಳಿಯ ಪೆಟ್ಟು ಉಷ್ಣತೆಯೊಂದರಿಂದಲೇ ಆಗುವುದಲ್ಲ, ಕಾಲವೂ ಸೇರಬೇಕು. ನಾಳೆ ಬೆಳಿಗ್ಗೆ ಮಾಟುಂಗದ ಉಡುಪಿ ಹೋಟೆಲಿನ ಒಲೆ ಸೇರುವ ಬದನೆಯನ್ನು ಒಂದು ರಾತ್ರಿ 5 ಡಿಗ್ರಿಯಲ್ಲಿಟ್ಟರೆ ಸಾಂಬಾರಿಗೆ ಬಾಧಕವಿಲ್ಲ. ವಾರಗಟ್ಟಲೆ ಇಡುವಾಗ ಮಾತ್ರ ಈ ವಾದ ಸೋಲುತ್ತದೆ. ಕೋಣೆಗಳ ಲೆಕ್ಕವೂ ಅಷ್ಟು ಭಯಂಕರವಲ್ಲ, ಎರಡು ಸಾಕು. ಸೊನ್ನೆಯಿಂದ 2 ಡಿಗ್ರಿಯದೊಂದು, ಸೇಬು ದ್ರಾಕ್ಷಿ ಕ್ಯಾರೆಟ್ ಕೋಸಿಗೆ. 12, 13 ಡಿಗ್ರಿಯದೊಂದು, ಬಾಳೆ ಮಾವು ಟೊಮೆಟೊ ಬದನೆ ಶುಂಠಿಗೆ. ಎಥಿಲೀನ್ ಬಿಡುವ ಮಾಗಿದ ಹಣ್ಣಿನ ಪಕ್ಕ ಕ್ಯಾರೆಟ್ ಇಟ್ಟರೆ ಕಹಿಯಾಗುತ್ತದೆ, ಸೌತೆ ಹಳದಿಯಾಗುತ್ತದೆ ಎಂಬ ಎಚ್ಚರ ಇದ್ದರೆ ಆಯಿತು.

ಮೂರನೆಯ ಗುಂಪಿಗೆ ಕೋಣೆಯೇ ಬೇಡ, ಇದನ್ನು ವಿಶೇಷವಾಗಿ ಹೇಳಬೇಕು. ನಾಸಿಕದ ರೈತರು ಈರುಳ್ಳಿಯನ್ನು ಗಾಳಿಯಾಡುವ ಚಾಳಿನಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ. ಆಲೂಗಡ್ಡೆ 4 ಡಿಗ್ರಿಗೆ ಇಳಿದರೆ ತನ್ನ ಪಿಷ್ಟವನ್ನು ಸಕ್ಕರೆ ಮಾಡಿಕೊಳ್ಳುತ್ತದೆ. ಕರಿದಾಗ ವೇಫರ್ ಕಂದಾಗುವುದು, ಮಸಾಲೆ ದೋಸೆಯ ಪಲ್ಯ ಸಿಹಿಯಾಗುವುದು ಅದರಿಂದ. ಗಿರಾಕಿ ಬಯ್ಯುವುದು ಮಾತ್ರ ಅಡುಗೆಭಟ್ಟರನ್ನು. ಇನ್ನು ಮಂಗಳೂರು ಸೌತೆ. ಕರಾವಳಿಯ ಹಳೆಯ ಮನೆಗಳಲ್ಲಿ ಬಲಿತ ಸೌತೆಗೆ ಬಾಳೆನಾರನ್ನೋ ತೆಂಗಿನ ಗರಿಯ ಸೀಳನ್ನೋ ಬಿಗಿದು ಮಾಡಿನ ಅಡ್ಡಕ್ಕೆ ಒಂದರ ಪಕ್ಕ ಒಂದು ನೇತುಹಾಕುತ್ತಿದ್ದರು. ನೆಲ ತಾಗುವುದಿಲ್ಲ, ಒಂದಕ್ಕೊಂದು ಒರಸುವುದಿಲ್ಲ, ಕೆಳಗಿನ ಒಲೆಯ ಹೊಗೆ ತೇವವನ್ನು ತಡೆಯುತ್ತದೆ. ಆಟಿಯ ಮಳೆ ಮುಗಿಯುವವರೆಗೂ ಹುಳಿಗೆ ಸೌತೆ ಉಂಟು. ಮಾಟುಂಗದ ತರಕಾರಿ ಪೇಟೆಯಲ್ಲಿ ಬಾಳೆಎಲೆಯ ಕಟ್ಟುಗಳ ಪಕ್ಕ ರಾಶಿ ಹಾಕಿದ ಅದೇ ಸೌತೆಯನ್ನು ಕೊಂಡು ಫ್ರಿಜ್ಜಿಗೆ ತುರುಕಿ, ವಾರದಲ್ಲಿ ಮೆತ್ತಗಾಯಿತೆಂದು ದೂರುವವರಿಗೆ ಏನು ಹೇಳುವುದು!

‘ಹಾಗಾದರೆ ಹಿರಿಯರ ಪದ್ಧತಿಯೇ ಸರಿ, ಶೈತ್ಯಾಗಾರವೇ ಬೇಡ’ ಎಂದು ಯಾರಾದರೂ ಕುಣಿಯುವ ಮೊದಲು ಹೇಳಿಬಿಡುತ್ತೇನೆ: ಅಡ್ಡಕ್ಕೆ ನೇತುಹಾಕಿದ್ದು ಸೌತೆಯನ್ನು, ಕೊತ್ತಂಬರಿ ಸೊಪ್ಪನ್ನಲ್ಲ. ಸೊಪ್ಪಿಗೆ ಮುಂಬಯಿಯ ಸೆಕೆಯಲ್ಲಿ ತಂಪು ಬೇಕೇ ಬೇಕು.

ಕೊನೆಯ ಪೂರ್ವಪಕ್ಷ ಸೂಕ್ಷ್ಮವಾದದ್ದು. 13 ಡಿಗ್ರಿಯಲ್ಲಿಟ್ಟರೆ ಬೂಷ್ಟು ಬೇಗ ಬರುತ್ತದೆ, ಚಳಿಯ ಪೆಟ್ಟಿಗಿಂತ ಅದೇ ಹೆಚ್ಚಿನ ನಷ್ಟವಲ್ಲವೇ? ಬೂಷ್ಟಿನ ಮೂಲ ಹುಡುಕಿದರೆ ಬಹಳ ಸಲ ಸಿಗುವುದು ಏರಿಳಿತ. 4 ಡಿಗ್ರಿಯ ಕೋಣೆಯಿಂದ ಕ್ರೇಟನ್ನು ಜೂನ್ ತಿಂಗಳ ವಾಶಿಯ ಗಾಳಿಗೆ ತಂದು ಹಾಕಿದರೆ ಎರಡು ನಿಮಿಷದಲ್ಲಿ ಪ್ರತಿ ಕಾಯಿಯೂ ಬೆವರುತ್ತದೆ, ಆ ನೀರಿನಲ್ಲಿ ಬೂಷ್ಟು ಮೊಳೆಯುತ್ತದೆ. ಚಳಿಯ ಪೆಟ್ಟು ತಿಂದ ಸಿಪ್ಪೆಗೆ ರೋಗ ತಡೆಯುವ ಕಸುವೂ ಇರುವುದಿಲ್ಲ. ಹೆಚ್ಚು ತಣಿಸಿದಷ್ಟೂ ಹೊರತೆಗೆದಾಗ ಬೆವರು ಹೆಚ್ಚು, ಆದ್ದರಿಂದ ಪೂರ್ವಪಕ್ಷಿ ಹೆದರುವ ಬೂಷ್ಟನ್ನು ಅವನ ಕೋಣೆಯೇ ಹೊಸಿಲಲ್ಲಿ ಬೆಳೆಸುತ್ತಿದೆ. ತಣಿಸಿದ್ದನ್ನು ಹಂತ ಹಂತವಾಗಿ ಬಿಸಿಗೆ ತರಬೇಕು, ಅಥವಾ ತಣಿದ ವಾಹನದಲ್ಲೇ ಅಂಗಡಿಯವರೆಗೆ ಒಯ್ಯಬೇಕು.

ಸಂಗತಿ ಇಷ್ಟು. ವಾಶಿಯಲ್ಲಿ ಪೆಟ್ಟಿಗೆಯ ಮೇಲೆ ಊರು, ದರ್ಜೆ, ತೂಕ, ಬೆಳೆಗಾರನ ಹೆಸರು ಬರೆಯುವ ರೂಢಿ ಚೆನ್ನಾಗಿದೆ. ಧಾರವಾಡದ ಆಪೂಸು ರತ್ನಾಗಿರಿಯ ಹೆಸರಿನಲ್ಲಿ ಹೋಗಬಾರದೆಂದು ಎಚ್ಚರವೂ ಇದೆ, 2018ರಲ್ಲಿ ಕೊಂಕಣದ ಆಪೂಸಿಗೆ ಭೌಗೋಳಿಕ ಗುರುತೂ ಸಿಕ್ಕಿದೆ. ಅದೇ ಪೆಟ್ಟಿಗೆಯ ಮೇಲೆ ಎರಡು ಅಂಕಿ ಸೇರಿಸುವುದು ಕಷ್ಟವಲ್ಲ: ಇದಕ್ಕಿಂತ ಮೇಲೆ ಬೇಡ, ಇದಕ್ಕಿಂತ ಕೆಳಗೆ ಬೇಡ. ಶೈತ್ಯಾಗಾರದವರು ಮಾಲು ಒಳಗೆ ತೆಗೆದುಕೊಳ್ಳುವಾಗ ಕೆಳಗಿನ ಅಂಕಿಯನ್ನು ರಸೀದಿಯಲ್ಲಿ ಬರೆದು ಸಹಿ ಮಾಡಬೇಕು, ಬಾಳೆ ಹೊರಬರುವಾಗ ಕೊಂಡವನು ಒಂದು ಕಾಯಿಯ ಸಿಪ್ಪೆ ಕೆತ್ತಿ ನೋಡಿಯೇ ಹಣ ಕೊಡಬೇಕು. ಮಂಕಾದ ಬಾಳೆಯ ನಷ್ಟ ಯಾರ ತಲೆಗೆ ಎಂಬ ಜಗಳ ಆ ರಸೀದಿಯಲ್ಲೇ ತೀರುತ್ತದೆ.